ಹುಚ್ಚು ಡಾಕ್ಟರ್, ರಬ್ಬರ್ ರಾಕ್ಷಸ, ಖಾಲಿ ಜೇಬು: ಹಳೆಯ ಅಗ್ಗದ ಹಾರರ್ ಸಿನಿಮಾಗಳನ್ನು ನೋಡೋದು ಹೇಗೆ

ಊರಿನವರೆಲ್ಲ ಮರ್ಯಾದೆ ಕೊಡುವ ಒಬ್ಬ ಡಾಕ್ಟರ್. ಮನೆಯ ಗುಟ್ಟಿನ ಕೋಣೆಯಲ್ಲಿ ಬಾವಲಿಗಳಿಗೆ ಕರೆಂಟ್ ಕೊಟ್ಟು ಹದ್ದಿನ ಗಾತ್ರಕ್ಕೆ ಬೆಳೆಸುತ್ತಾನೆ. ತನಗೆ ಅನ್ಯಾಯ ಮಾಡಿದ ಕುಟುಂಬದವರನ್ನು ಕರೆದು, ಇದು ಹೊಸ ಶೇವಿಂಗ್ ಲೋಷನ್, ಹಚ್ಚಿ ನೋಡಿ ಅಂತ ಬಾಟಲಿ ಕೊಡುತ್ತಾನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಬಾವಲಿ ಕೊರಳಿಗೇ ಹಾರುತ್ತದೆ. ಶುಭರಾತ್ರಿ ಹೇಳಿ ಹೊರಟವರಿಗೆ ಡಾಕ್ಟರ್ ನಿಧಾನವಾಗಿ 'ಗುಡ್ ಬೈ' ಹೇಳಿ ಕಳಿಸುತ್ತಾನೆ.

ಇದು 1940ರ 'ದಿ ಡೆವಿಲ್ ಬ್ಯಾಟ್' ಎಂಬ ಅಮೆರಿಕನ್ ಸಿನಿಮಾದ ಕತೆ. ಕೇಳಿದರೆ ನಗು ಬರುತ್ತೆ. ನೋಡಿದರೂ ಬರುತ್ತೆ, ಯಾಕಂದ್ರೆ ಬಾವಲಿ ತಂತಿಯ ಮೇಲೆ ಜಾರಿಕೊಂಡು ಬರೋದು ಗೊತ್ತಾಗುತ್ತದೆ. ಆದರೂ ಎಂಬತ್ತು ವರ್ಷ ದಾಟಿದ ಮೇಲೂ ಜನ ಇದನ್ನು ಹುಡುಕಿ ನೋಡುತ್ತಿದ್ದಾರೆ. 1930ರಿಂದ 1960ರ ಆಸುಪಾಸಿನವರೆಗೆ ಅಮೆರಿಕದ ಸಣ್ಣ ಕಂಪನಿಗಳು ಇಂಥ ಸಿನಿಮಾಗಳನ್ನು ಸಾಲುಸಾಲಾಗಿ ತೆಗೆದವು. ಒಬ್ಬ ಹುಚ್ಚು ವಿಜ್ಞಾನಿ, ಪುರಾಣದಿಂದಲೋ ಅಜ್ಜಿ ಕತೆಯಿಂದಲೋ ಎದ್ದು ಬಂದ ಒಂದು ಪ್ರಾಣಿ, ಒಂದು ಗಂಟೆಯ ಚಿಲ್ಲರೆ ಕತೆ. ಕೈಯಲ್ಲಿ ಮಾತ್ರ ಕಾಸಿಲ್ಲ.

ಇವನ್ನು ಸುಮ್ನೆ ಗೇಲಿ ಮಾಡೋಕೆ ಅಂತ ಹಾಕಿಕೊಂಡರೆ ಎರಡನೇ ಸಿನಿಮಾಕ್ಕೇ ಬೇಜಾರು ಬರುತ್ತದೆ. ನನ್ನ ಸಲಹೆ ಬೇರೆ. ದುಡ್ಡು ಎಲ್ಲಿ ಮುಗಿಯಿತು ಅಂತ ಹುಡುಕುತ್ತಾ ನೋಡಿ. ದುಡ್ಡು ಮುಗಿದ ಕಡೆ ಯಾರೋ ಒಬ್ಬರು ತಲೆ ಓಡಿಸಿರುತ್ತಾರೆ, ಇಲ್ಲವೇ ಕೈಚೆಲ್ಲಿ ಕೂತಿರುತ್ತಾರೆ. ಎರಡೂ ನೋಡೋಕೆ ಮಜವಾಗಿಯೇ ಇರುತ್ತದೆ.

ಹೆಜ್ಜೆ 1: ಮೊದಲು ದುಡ್ಡಿದ್ದವರ ಸಿನಿಮಾ

1931ರಲ್ಲಿ ಯೂನಿವರ್ಸಲ್ ಸ್ಟುಡಿಯೋ ತೆಗೆದ 'ಫ್ರಾಂಕನ್‌ಸ್ಟೈನ್' ಅಗ್ಗದ ಸಿನಿಮಾ ಅಲ್ಲ. ಆದರೆ ಮುಂದಿನ ಮೂವತ್ತು ವರ್ಷ ಎಲ್ಲರೂ ಕದ್ದದ್ದು ಇದರಿಂದಲೇ. ಮೂಲ ನೋಡದೆ ನಕಲು ನೋಡಿದರೆ ಅರ್ಧ ಮಜಾ ಹೋಗುತ್ತೆ. ಬರೀ 70 ನಿಮಿಷ, ಒಂದು ಸಂಜೆ ಮುಗಿಸಬಹುದು.

ಪ್ರಯೋಗಾಲಯವನ್ನು ಚೆನ್ನಾಗಿ ನೋಡಿಕೊಳ್ಳಿ. ಸಿನಿಮಾಕ್ಕೆ ಮೂಲವಾದ ಮೇರಿ ಶೆಲ್ಲಿ ಕಾದಂಬರಿ ಬಂದದ್ದು 1818ರಲ್ಲಿ. ಶವಕ್ಕೆ ಜೀವ ಬಂದದ್ದು ಹೇಗೆ ಅಂತ ಅದರಲ್ಲಿ ಬಿಡಿಸಿ ಹೇಳಿಲ್ಲ. ಬೇರೆಯವರು ಇದೇ ತಪ್ಪು ಮಾಡಬಾರದು ಅಂತ ಕಾದಂಬರಿಯ ವಿಜ್ಞಾನಿ ವಿಕ್ಟರ್ ಗುಟ್ಟನ್ನು ಬೇಕೆಂತಲೇ ಮುಚ್ಚಿಡುತ್ತಾನೆ. ಚಟಪಟ ಅನ್ನುವ ಕಿಡಿ, ತಿರುಗುವ ಚಕ್ರ, ಎರಡು ಕಂಬಿಗಳ ನಡುವೆ ಮೇಲೇರುವ ಬೆಳಕು, ಇದೆಲ್ಲ ಸಿನಿಮಾದವರ ಕೈಚಳಕ. ಈ ಯಂತ್ರಗಳನ್ನು ಮಾಡಿದವರು ಕೆನೆತ್ ಸ್ಟ್ರಿಕ್‌ಫಾಡನ್ ಎಂಬ ವಿದ್ಯುತ್ ತಂತ್ರಜ್ಞ. ಶೂಟಿಂಗ್ ಮುಗಿದ ಮೇಲೆ ಅವನ್ನು ಎಸೆಯಲಿಲ್ಲ, ಜೋಪಾನವಾಗಿ ಇಟ್ಟುಕೊಂಡು ಬೇರೆ ಬೇರೆ ಸಿನಿಮಾಗಳಿಗೆ ಕೊಡುತ್ತಾ ಹೋದರು. 1974ರಲ್ಲಿ ಮೆಲ್ ಬ್ರೂಕ್ಸ್ ಇದೇ ಕತೆಯನ್ನು ತಮಾಷೆ ಮಾಡಿ ತೆಗೆದಾಗಲೂ ಆ ಹಳೆಯ ಯಂತ್ರಗಳೇ ಬಂದವು.

ಅಂದಹಾಗೆ, ಇದು ಪೂರ್ತಿ ಕಟ್ಟುಕತೆಯೂ ಅಲ್ಲ. 1803ರಲ್ಲಿ ಜೊವಾನ್ನಿ ಅಲ್ದೀನಿ ಎಂಬಾತ ಲಂಡನ್ನಿನಲ್ಲಿ, ಗಲ್ಲಿಗೇರಿದ ಕೈದಿಯೊಬ್ಬನ ಶವಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿ ತೋರಿಸಿದ್ದ. ದವಡೆ ಅದುರಿತು, ಒಂದು ಕಣ್ಣು ತೆರೆಯಿತು ಅಂತ ಆಗಿನ ವರದಿ ಹೇಳುತ್ತದೆ. ಹುಚ್ಚು ವಿಜ್ಞಾನಿಗೆ ಹೀಗೆ ನಿಜವಾದ ಪೂರ್ವಜರಿದ್ದಾರೆ.

ಪ್ರಯೋಗಾಲಯದ ಜೊತೆ ಇನ್ನೆರಡನ್ನು ನೆನಪಿಟ್ಟುಕೊಳ್ಳಿ: ಗೂನುಬೆನ್ನಿನ ಸಹಾಯಕ, ಪಂಜು ಹಿಡಿದು ಬೆನ್ನಟ್ಟುವ ಊರ ಜನ. ಇವು ಮುಂದೆ ಮತ್ತೆ ಮತ್ತೆ ಸಿಗುತ್ತವೆ.

ಹೆಜ್ಜೆ 2: ಪ್ರಿಂಟ್ ಆರಿಸಿಕೊಳ್ಳುವುದು

ಅಗ್ಗದ ಸಿನಿಮಾಗಳಲ್ಲಿ ಬಹಳಷ್ಟು ಇವತ್ತು ಪುಕ್ಕಟೆ ಸಿಗುತ್ತವೆ. ಕಾರಣ ಕಾನೂನು. ಆಗಿನ ಅಮೆರಿಕದಲ್ಲಿ ಸಿನಿಮಾದ ಹಕ್ಕು ಮೊದಲು 28 ವರ್ಷಕ್ಕೆ ಮಾತ್ರ ಸಿಗುತ್ತಿತ್ತು. ಆಮೇಲೆ ಅರ್ಜಿ ಹಾಕಿ ನವೀಕರಿಸಬೇಕಿತ್ತು. ಬಾಗಿಲು ಮುಚ್ಚಿದ ಸಣ್ಣ ಕಂಪನಿಗಳ ಪರವಾಗಿ ಅರ್ಜಿ ಹಾಕುವವರು ಯಾರು? ಹಾಗಾಗಿ ಅವು ಎಲ್ಲರ ಸ್ವತ್ತಾದವು. ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ಮನೆಯಲ್ಲಿ ನೋಡೋಕೆ ಇಷ್ಟು ತಿಳಿದರೆ ಸಾಕು. ಹಾಲ್ ಹಿಡಿದು ಟಿಕೆಟ್ ಇಟ್ಟು ತೋರಿಸುವ ಯೋಚನೆ ಇದ್ದರೆ ಎಚ್ಚರ. ಸಿನಿಮಾ ಹಳೆಯದಾದರೂ ಅದಕ್ಕೆ ಹೊಸದಾಗಿ ಸೇರಿಸಿದ ಸಂಗೀತ, ಬಣ್ಣ, ನಿರೂಪಣೆಗೆ ಬೇರೆ ಮಾಲೀಕರು ಇರುತ್ತಾರೆ.

ಪುಕ್ಕಟೆ ಸಿಗೋದರ ತೊಂದರೆ ಅಂದ್ರೆ ಒಂದೇ ಸಿನಿಮಾ ಹತ್ತು ರೂಪದಲ್ಲಿ ಇರುತ್ತದೆ, ಒಂಬತ್ತು ಮಸುಕು. ಇಂಟರ್ನೆಟ್ ಆರ್ಕೈವ್ ಅಥವಾ ಯೂಟ್ಯೂಬ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ಎರಡು ಮೂರನ್ನು ತೆರೆದು, ಕತ್ತಲೆಯ ದೃಶ್ಯವೊಂದನ್ನು ಹೋಲಿಸಿ ನೋಡಿ. ಮುಖ ಕಾಣದೆ ಬರೀ ಮಸಿ ಕಂಡರೆ ಬಿಟ್ಟುಬಿಡಿ. ಎಷ್ಟು ನಿಮಿಷ ಇದೆ ಅಂತಲೂ ನೋಡಿ, ಟಿವಿಗಾಗಿ ಕತ್ತರಿಸಿದ ಪ್ರಿಂಟುಗಳು ಜಾಸ್ತಿ ಇವೆ. 'ದಿ ಡೆವಿಲ್ ಬ್ಯಾಟ್' 68 ನಿಮಿಷದ ಆಸುಪಾಸು ಇರಬೇಕು.

ಟಿವಿಯಲ್ಲಿ ಎರಡು ಸೆಟ್ಟಿಂಗ್ ಬದಲಿಸಿಕೊಳ್ಳಿ. 1950ಕ್ಕಿಂತ ಹಿಂದಿನ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಪರದೆ ತುಂಬಲಿ ಅಂತ ಎಳೆದರೆ 'ದಿ ಡೆವಿಲ್ ಬ್ಯಾಟ್'ನ ಡಾಕ್ಟರ್ ಬೆಲಾ ಲುಗೋಸಿಯ ಮುಖ ಕುಂಬಳಕಾಯಿ ಆಗುತ್ತದೆ. ಎರಡು ಕಡೆ ಕಪ್ಪು ಪಟ್ಟಿ ಇರಲಿ ಬಿಡಿ. ಹಾಗೇ ಚಲನೆಯನ್ನು ನಯ ಮಾಡುವ ಮೋಷನ್ ಸ್ಮೂದಿಂಗ್ ಆಯ್ಕೆಯನ್ನು ಆಫ್ ಮಾಡಿ, ಅದಿದ್ದರೆ ಹಳೆಯ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಬಣ್ಣ ಬಳಿದ ಪ್ರಿಂಟುಗಳನ್ನು ನಾನಂತೂ ಮುಟ್ಟುವುದಿಲ್ಲ. ಇದಕ್ಕೆ ಒಂದೇ ವಿನಾಯಿತಿ ಇದೆ, ಅದು ಮುಂದಿನ ಹೆಜ್ಜೆಯಲ್ಲಿ.

ಹೆಜ್ಜೆ 3: 'ದಿ ವ್ಯಾಂಪೈರ್ ಬ್ಯಾಟ್' (1933)

ಇದನ್ನು ತೆಗೆದದ್ದು ಮೆಜೆಸ್ಟಿಕ್ ಪಿಕ್ಚರ್ಸ್ ಎಂಬ ಪುಟ್ಟ ಕಂಪನಿ. ಆದರೆ ನೋಡಿದರೆ ದೊಡ್ಡ ಸ್ಟುಡಿಯೋದ್ದೇ ಅನ್ನಿಸುತ್ತದೆ. ಯಾಕೆ ಗೊತ್ತಾ? ಯೂನಿವರ್ಸಲ್‌ನವರು ತಮ್ಮ ಸಿನಿಮಾಗಳಿಗೆ ಕಟ್ಟಿದ್ದ ಯುರೋಪಿನ ಹಳ್ಳಿಯ ಸೆಟ್ಟನ್ನೇ ಇವರು ಬಾಡಿಗೆಗೆ ಹಿಡಿದು ರಾತ್ರಿ ಹೊತ್ತು ಶೂಟಿಂಗ್ ಮಾಡಿದರು. ನಟರೂ ಅಷ್ಟೆ, ಅದಾಗಲೇ ಹೆಸರು ಮಾಡಿದವರು. ಲಯನೆಲ್ ಆಟ್ವಿಲ್ ವಿಜ್ಞಾನಿ, ಫೇ ರೇ ನಾಯಕಿ. ಅದೇ ವರ್ಷ 'ಕಿಂಗ್ ಕಾಂಗ್' ಕೈಯಲ್ಲಿ ಕಿರುಚಿದ್ದು ಈ ಫೇ ರೇ ಅವರೇ. 'ಫ್ರಾಂಕನ್‌ಸ್ಟೈನ್'ನಲ್ಲಿ ಗೂನುಬೆನ್ನಿನ ಸಹಾಯಕನಾಗಿದ್ದ ಡ್ವೈಟ್ ಫ್ರೈ ಇಲ್ಲಿ ಹರ್ಮನ್ ಎಂಬ ಪೆದ್ದು ಹುಡುಗ.

ಊರಲ್ಲಿ ಒಬ್ಬೊಬ್ಬರೇ ರಕ್ತ ಬಸಿದು ಸಾಯುತ್ತಾರೆ. ಕೊರಳಲ್ಲಿ ಎರಡು ತೂತು. ರಕ್ತ ಹೀರುವ ಪಿಶಾಚಿಯ ಕೆಲಸ ಅಂತ ಜನ ತೀರ್ಮಾನ ಮಾಡುತ್ತಾರೆ. ಬಾವಲಿಗಳನ್ನು ಮುದ್ದು ಮಾಡುವ ಹರ್ಮನ್ ಮೇಲೆ ಎಲ್ಲರ ಕಣ್ಣು. ಪಂಜು ಹಿಡಿದು ಬೆನ್ನಟ್ಟಿ ಅವನ ಜೀವ ತೆಗೆಯುತ್ತಾರೆ. ನಿಜವಾದ ಅಪರಾಧಿ ಊರಿನ ದೊಡ್ಡ ಡಾಕ್ಟರ್. ಪ್ರಯೋಗಾಲಯದಲ್ಲಿ ತಾನು ಹುಟ್ಟಿಸಿದ ಜೀವಕೋಶದ ಮುದ್ದೆಗೆ ಅವನು ರಕ್ತ ಕುಡಿಸಬೇಕು. ಆ ಮುದ್ದೆಯೋ ಗಾಜಿನ ಪಾತ್ರೆಯಲ್ಲಿ ಮಿಸುಕುವ ಸ್ಪಂಜು, ಅಷ್ಟೆ. ಆದರೆ ಕತೆ ಹರಿತವಾಗಿದೆ. ಪಿಶಾಚಿಯ ಸುದ್ದಿ ಹಬ್ಬಿದಷ್ಟೂ ಡಾಕ್ಟರ್‌ಗೆ ಲಾಭ. ದೆವ್ವದ ಭಯವನ್ನು ಓದಿದವನೇ ಮರೆಯಾಗಿ ಬಳಸಿಕೊಳ್ಳುತ್ತಾನೆ. ಒಂದು ಗಂಟೆಯ ಅಗ್ಗದ ಸಿನಿಮಾದಲ್ಲಿ ಇಷ್ಟು ಸಿಕ್ಕರೆ ಸಾಲದೇ?

ಬಣ್ಣದ ವಿಷಯಕ್ಕೆ ಬಂದರೆ, ಈ ಸಿನಿಮಾ ಬಿಡುಗಡೆಯಾದಾಗ ಬೆನ್ನಟ್ಟುವ ದೃಶ್ಯದ ಪಂಜುಗಳಿಗೆ ಮಾತ್ರ ಕೈಯಿಂದ ಬಣ್ಣ ಹಾಕಿದ್ದರು. ಈಚೆಗೆ ದುರಸ್ತಿ ಮಾಡಿದ ಪ್ರಿಂಟಿನಲ್ಲಿ ಅದು ಮರಳಿ ಬಂದಿದೆ. ಕಪ್ಪುಬಿಳುಪಿನ ನಡುವೆ ಕೆಂಡದ ಬಣ್ಣದ ಬೆಂಕಿ ಕಂಡರೆ ಸರಿಯಾದ ಪ್ರಿಂಟ್ ಸಿಕ್ಕಿದೆ ಅಂತ ಲೆಕ್ಕ.

ಹೆಜ್ಜೆ 4: ಈಗ ನಿಜವಾದ ಬಡತನ

'ಪಾವರ್ಟಿ ರೋ' ಅಂದರೆ ಹಾಲಿವುಡ್‌ನ ಬಡವರ ಕೇರಿ. ಮೊನೊಗ್ರಾಮ್, ಪಿಆರ್‌ಸಿ ಇಲ್ಲಿನ ಹೆಸರುವಾಸಿ ಕಂಪನಿಗಳು. ಆಗ ಥಿಯೇಟರುಗಳಲ್ಲಿ ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ದೊಡ್ಡ ಸಿನಿಮಾದ ಜೊತೆ ಹಾಕೋಕೆ ಒಂದು ಸಣ್ಣದು ಬೇಕಿತ್ತು. ಆ ಸಣ್ಣದನ್ನು ವಾರವೋ ಹತ್ತು ದಿನವೋ ಶೂಟಿಂಗ್ ಮಾಡಿ ಮುಗಿಸುವುದು ಇವರ ಕಸುಬು.

ಇಲ್ಲಿಯ ದೊರೆ ಬೆಲಾ ಲುಗೋಸಿ. 1931ರಲ್ಲಿ ಡ್ರಾಕುಲಾ ಆಗಿ ಲೋಕಕ್ಕೆಲ್ಲ ಗೊತ್ತಾದ ಹಂಗೇರಿಯ ನಟ. ಹತ್ತು ವರ್ಷದೊಳಗೆ ಕೈಗೆ ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುವ ಸ್ಥಿತಿಗೆ ಬಂದಿದ್ದರು. ಆದರೆ 'ದಿ ಡೆವಿಲ್ ಬ್ಯಾಟ್' ನೋಡಿ, ಕೆಲಸ ಚಿಕ್ಕದು ಅಂತ ಅವರು ಎಲ್ಲೂ ಕಡಿಮೆ ಮಾಡಿಲ್ಲ. ಬಾಟಲಿ ಕೊಡುವಾಗ, ಲೋಷನ್ನನ್ನು ಕೊರಳಿನ ಯಾವ ಭಾಗಕ್ಕೆ ಹಚ್ಚಬೇಕು ಅಂತ ಹೇಳುವಾಗ ಆ ಮುಖದಲ್ಲಿರುವ ವಿನಯ ನೋಡಬೇಕು.

ಡಾಕ್ಟರ್‌ನ ಸಿಟ್ಟಿಗೆ ಕಾರಣವೂ ದುಡ್ಡೇ. ಅವನು ಕಂಡುಹಿಡಿದ ಸೂತ್ರದಿಂದ ಸೌಂದರ್ಯ ಸಾಧನಗಳ ಕಂಪನಿ ಕೋಟ್ಯಧಿಪತಿ ಆಯಿತು. ಅವನು ಮಾತ್ರ ಪಾಲು ಬೇಡ, ನಗದು ಕೊಡಿ ಅಂತ ಮೊದಲೇ ಇಸಿದುಕೊಂಡಿದ್ದ. ಕಂಪನಿಯವರು ಈಗ ಸಣ್ಣದೊಂದು ಬೋನಸ್ ಚೆಕ್ ಕೊಡೋಕೆ ಬರುತ್ತಾರೆ. ಉರಿಯದೇ ಇರುತ್ತಾ?

ಇದರ ಜೊತೆಗೆ 1942ರ 'ದಿ ಮ್ಯಾಡ್ ಮಾನ್ಸ್ಟರ್' ಇಟ್ಟುಕೊಳ್ಳಿ, ಅದೂ ಪಿಆರ್‌ಸಿಯದ್ದೇ. ಜಾರ್ಜ್ ಜುಕೋ ಇಲ್ಲಿ ವಿಜ್ಞಾನಿ. ತೋಟದ ಆಳಿಗೆ ತೋಳದ ರಕ್ತ ಚುಚ್ಚಿ ತೋಳಮಾನವನನ್ನಾಗಿ ಮಾಡುತ್ತಾನೆ. ಯುದ್ಧದ ಕಾಲ ನೋಡಿ, ಇಂಥವರ ಸೈನ್ಯ ಕಟ್ಟಿದರೆ ಗೆಲುವು ನಮ್ಮದೇ ಅಂತ ಅವನ ಲೆಕ್ಕ. ಶುರುವಿನ ದೃಶ್ಯ ತಪ್ಪಿಸಿಕೊಳ್ಳಬೇಡಿ. ಖಾಲಿ ಕುರ್ಚಿಗಳಲ್ಲಿ ತನ್ನನ್ನು ನಕ್ಕು ಕಳಿಸಿದ ಪ್ರೊಫೆಸರುಗಳು ಕೂತಿದ್ದಾರೆ ಅಂತ ಕಲ್ಪಿಸಿಕೊಂಡು ಜಗಳ ಆಡುತ್ತಾನೆ. ಈ ಸಿನಿಮಾಗಳ ಬಹುಪಾಲು ವಿಜ್ಞಾನಿಗಳ ರೋಗ ಇದೇ, ಯಾರೋ ಒಮ್ಮೆ ನಕ್ಕಿದ್ದರು. ತೋಳಮಾನವನಾದ ಗ್ಲೆನ್ ಸ್ಟ್ರೇಂಜ್ ಎರಡೇ ವರ್ಷದಲ್ಲಿ ಯೂನಿವರ್ಸಲ್‌ಗೆ ಹೋಗಿ ಫ್ರಾಂಕನ್‌ಸ್ಟೈನ್‌ನ ರಾಕ್ಷಸನೇ ಆದರು. ಬಡತನದ ಕೇರಿಯಿಂದ ಬಡ್ತಿ ಸಿಕ್ಕವರೂ ಇದ್ದರು.

ಹೆಜ್ಜೆ 5: ಉಳಿತಾಯದ ಲೆಕ್ಕ ಹಿಡಿಯುವುದು

ಇಲ್ಲಿಂದ ಮುಂದೆ ಕಣ್ಣು ಪಳಗಿಸುವ ಕೆಲಸ. ಒಂದು ಸಲ ಇದು ಬಂದರೆ ಯಾವ ಅಗ್ಗದ ಸಿನಿಮಾವೂ ಬೋರ್ ಹೊಡೆಸುವುದಿಲ್ಲ.

ಮೊದಲು ಕ್ಯಾಮೆರಾ ಗಮನಿಸಿ. ಇಬ್ಬರು ನಿಂತಲ್ಲೇ ನಿಂತು ಮೂರು ನಿಮಿಷ ಮಾತಾಡುತ್ತಾರೆ, ಕ್ಯಾಮೆರಾ ಅಲ್ಲಾಡುವುದಿಲ್ಲ. ನಿರ್ದೇಶಕನಿಗೆ ಗೊತ್ತಿಲ್ಲದೆ ಅಲ್ಲ. ಕ್ಯಾಮೆರಾ ಜಾಗ ಬದಲಿಸಿದರೆ ಲೈಟುಗಳನ್ನೂ ಬದಲಿಸಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಇರುವುದೇ ಬೆರಳೆಣಿಕೆಯ ದಿನ. ಹಾಗಾಗಿ ಮಾತಿನ ದೃಶ್ಯ ಉದ್ದವಾದಷ್ಟೂ ಖರ್ಚು ಕಡಿಮೆ. ರಾಕ್ಷಸ ಬರುವ ಮೊದಲು ಅಷ್ಟು ಹರಟೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಎರಡನೆಯದು ಗುಹೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಬ್ರಾನ್ಸನ್ ಕ್ಯಾನಿಯನ್ ಅಂತ ಹಳೆಯ ಕಲ್ಲುಕ್ವಾರಿ ಇದೆ. ಅಲ್ಲಿ ಬಂಡೆ ಕೊರೆದ ಒಂದು ಸುರಂಗ. ಸ್ಟುಡಿಯೋಗಳಿಂದ ಕೂಗಳತೆಯ ದೂರ. 'ದಿ ವ್ಯಾಂಪೈರ್ ಬ್ಯಾಟ್'ನಲ್ಲಿ ಹರ್ಮನ್ ಓಡುವುದು ಅಲ್ಲೇ. 1953ರ 'ರೋಬಾಟ್ ಮಾನ್ಸ್ಟರ್'ನಲ್ಲಿ ಬೇರೆ ಲೋಕದಿಂದ ಬಂದವನ ಬಿಡಾರ ಅಲ್ಲೇ. 1956ರ 'ಇಟ್ ಕಾಂಕರ್ಡ್ ದಿ ವರ್ಲ್ಡ್'ನಲ್ಲಿ ಶುಕ್ರಗ್ರಹದ ಜೀವಿ ಅಡಗುವುದೂ ಅಲ್ಲೇ. 1966ರ ಟಿವಿ ಬ್ಯಾಟ್‌ಮ್ಯಾನ್‌ನ ಕಾರು ಹೊರಗೆ ಬರುವ ಗುಹೆಯ ಬಾಯಿಯೂ ಅದೇ. ಗುಹೆ ಕಂಡ ಕೂಡಲೇ ಕೈ ಎತ್ತಬೇಕು ಅಂತ ಮಕ್ಕಳಿಗೆ ಆಟ ಇಡಬಹುದು.

ಮೂರನೆಯದು ಸೂಟು, ಅಂದರೆ ರಾಕ್ಷಸನ ವೇಷ. 'ರೋಬಾಟ್ ಮಾನ್ಸ್ಟರ್' ಇದಕ್ಕೆ ಕುಖ್ಯಾತ. ರೋಬಾಟ್ ಮಾಡಿಸಲು ದುಡ್ಡಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಹತ್ತಿರ ಸ್ವಂತದ ಗೊರಿಲ್ಲಾ ವೇಷ ಇತ್ತು. ಅದರ ತಲೆ ತೆಗೆದು, ಸಮುದ್ರಕ್ಕೆ ಇಳಿಯುವವರು ಹಾಕುವಂಥ ಗೋಳದ ಹೆಲ್ಮೆಟ್ ಇಟ್ಟು, ಆಂಟೆನಾ ಸಿಕ್ಕಿಸಿದರು. ಗುಹೆಯ ಬಾಯಲ್ಲಿ ಒಂದು ಯಂತ್ರ ಸೋಪಿನ ಗುಳ್ಳೆ ಬಿಡುತ್ತಾ ಕೂತಿರುತ್ತದೆ. ಟೈಟಲ್ ಕಾರ್ಡಿನಲ್ಲಿ ಆ ಗುಳ್ಳೆ ಯಂತ್ರಕ್ಕೂ ಹೆಸರು ಹಾಕಿ ಕೃತಜ್ಞತೆ ಸಲ್ಲಿಸಿದ್ದಾರೆ! ನಡುವೆ ದೈತ್ಯ ಹಲ್ಲಿಗಳು ಕಾದಾಡುವ ದೃಶ್ಯ ದಿಢೀರ್ ಬಂದರೆ ಗಾಬರಿ ಬೇಡ. ಅದು 1940ರ ಇನ್ನೊಂದು ಸಿನಿಮಾದಿಂದ ತಂದ ತುಣುಕು. ಇಂಥ ಎರವಲು ತುಣುಕುಗಳನ್ನು ಪತ್ತೆ ಹಚ್ಚೋದು ಸುಲಭ, ಬೆಳಕು ಮತ್ತು ಚಿತ್ರದ ಮೇಲೆ ಕಾಣುವ ಫಿಲಮಿನ ಸಣ್ಣ ಚುಕ್ಕೆಗಳು ಬದಲಾಗುತ್ತವೆ.

ಇಷ್ಟೆಲ್ಲ ಹೇಳಿದೆ ಅಂತ ಎಲ್ಲ ಉಳಿತಾಯವೂ ನಗೆಪಾಟಲು ಅಂದುಕೊಳ್ಳಬೇಡಿ. 1959ರಲ್ಲಿ ಟೆಕ್ಸಾಸಿನಲ್ಲಿ ತೆಗೆದ 'ದಿ ಕಿಲ್ಲರ್ ಶ್ರೂಸ್' ನೋಡಿ. ಜನಸಂಖ್ಯೆ ಹೆಚ್ಚಿ ಊಟ ಸಾಲದು, ಮನುಷ್ಯರ ಗಾತ್ರವನ್ನೇ ಚಿಕ್ಕದು ಮಾಡಿದರೆ ಹೇಗೆ ಅಂತ ದ್ವೀಪವೊಂದರಲ್ಲಿ ವಿಜ್ಞಾನಿಯೊಬ್ಬ ಪ್ರಯೋಗ ಮಾಡುತ್ತಾನೆ. ಪ್ರಯೋಗ ತಿರುಗಿ ಬಿದ್ದು ಸುಂಡಿಲಿಯಂಥ ಪುಟ್ಟ ಪ್ರಾಣಿಗಳು ನಾಯಿ ಗಾತ್ರ ಆಗುತ್ತವೆ. ನಾಯಿ ಗಾತ್ರ ಯಾಕೆಂದರೆ ಅವು ನಾಯಿಗಳೇ! ಮೈಮೇಲೆ ಕೂದಲಿನ ಹೊದಿಕೆ, ಬಾಯಿಗೆ ಕೋರೆಹಲ್ಲು ಕಟ್ಟಿ ಓಡಿಸಿದ್ದಾರೆ. ದೂರದಿಂದ ಬಾಲ ಅಲ್ಲಾಡುವುದು ಕಾಣುತ್ತದೆ. ಆದರೆ ರಾತ್ರಿ ಮನೆಯೊಳಗೆ ಸಿಕ್ಕಿಬಿದ್ದವರು ಮಣ್ಣಿನ ಗೋಡೆ ಕೆರೆಯುವ ಸದ್ದು ಕೇಳುತ್ತಾ ಕೂರುವ ದೃಶ್ಯಗಳಿವೆಯಲ್ಲ, ಅಲ್ಲಿ ಒಂದು ನಾಯಿಯೂ ಬೇಕಿಲ್ಲ, ಸದ್ದೇ ಸಾಕು. ಕೊನೆಗೆ ಪಾರಾಗಲು ಅವರು ಲೋಹದ ಡ್ರಮ್ಮುಗಳನ್ನು ಬಿಗಿದು ಕಟ್ಟಿ, ಮಗುಚಿ ತಲೆ ಮೇಲೆ ಹಾಕಿಕೊಂಡು, ಒಳಗೆ ಕುಕ್ಕರುಗಾಲಲ್ಲಿ ನಡೆಯುತ್ತಾ ಸಮುದ್ರಕ್ಕೆ ಹೋಗುತ್ತಾರೆ. ನಾಲ್ಕು ಡ್ರಮ್ಮಿನಲ್ಲಿ ಇಷ್ಟು ಉಸಿರು ಬಿಗಿಹಿಡಿಸಿದ ಕ್ಲೈಮ್ಯಾಕ್ಸ್ ನನಗೆ ದುಬಾರಿ ಸಿನಿಮಾಗಳಲ್ಲೂ ಕಮ್ಮಿ ಸಿಕ್ಕಿದೆ. ವಿಜ್ಞಾನಿಯ ಪಾತ್ರದ ಬರೂಖ್ ಲ್ಯೂಮೆಟ್ ಯಾರು ಅಂದ್ರೆ, '12 ಆಂಗ್ರಿ ಮೆನ್' ತೆಗೆದ ಸಿಡ್ನಿ ಲ್ಯೂಮೆಟ್ ಅವರ ಅಪ್ಪ.

ಹೆಜ್ಜೆ 6: ಕಾರಿನಲ್ಲಿ ಕೂತ ಹುಡುಗರಿಗಾಗಿ

1950ರ ದಶಕದಲ್ಲಿ ಮನೆಗೆ ಟಿವಿ ಬಂತು, ದೊಡ್ಡವರು ಥಿಯೇಟರ್ ಬಿಟ್ಟರು. ಉಳಿದವರು ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು. ಅವರು ಕಾರಿನಲ್ಲೇ ಕೂತು ಬಯಲಿನಲ್ಲಿ ಸಿನಿಮಾ ನೋಡುವ ಡ್ರೈವ್-ಇನ್‌ಗೆ ಹೋಗುತ್ತಿದ್ದರು. 1954ರಲ್ಲಿ ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಶುರು ಮಾಡಿದ ಕಂಪನಿ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಹೆಸರಾಯಿತು. ಇವರ ಪದ್ಧತಿ ಉಲ್ಟಾ. ಮೊದಲು ಹೆಸರು, ಆಮೇಲೆ ಪೋಸ್ಟರ್. ಅದನ್ನು ನೋಡಿ ಥಿಯೇಟರ್‌ನವರು ಹೂಂ ಅಂದರೆ ಕೊನೆಗೆ ಕತೆ.

ಈ ಕಂಪನಿಯ ಮೂರು ಸಿನಿಮಾ ಸಾಕು. 1957ರ 'ಐ ವಾಸ್ ಎ ಟೀನೇಜ್ ವೇರ್‌ವುಲ್ಫ್' ಮೊದಲನೆಯದು. ಅಧಿಕೃತ ಒಳ್ಳೆ ಪ್ರಿಂಟ್ ಸಿಗೋದು ಕಷ್ಟ, ಸಿಕ್ಕರೆ ಬಿಡಬೇಡಿ. ಮುಂಗೋಪಿ ಹುಡುಗನೊಬ್ಬನನ್ನು ಸರಿಮಾಡಲಿ ಅಂತ ದೊಡ್ಡವರು ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಡಾಕ್ಟರ್ ಅವನನ್ನು ಸಂಮೋಹನಕ್ಕೆ ಒಳಪಡಿಸಿ ಆದಿಮಾನವನ ಕಾಲಕ್ಕೂ ಹಿಂದಕ್ಕೆ ಕಳಿಸುತ್ತಾನೆ. ಮನುಕುಲ ಹಾಳಾಗಿದೆ, ಮೊದಲಿಂದ ಶುರು ಮಾಡಬೇಕು ಅಂತ ಅವನ ಸಿದ್ಧಾಂತ. ಹುಡುಗ ತೋಳಮಾನವ ಆಗೋದು ಹುಣ್ಣಿಮೆಗಲ್ಲ. ಶಾಲೆಯಲ್ಲಿ ಗಂಟೆ ಹೊಡೆದಾಗ! ಆ ಒಂದು ಯೋಚನೆಗೆ ಕಾಸು ಖರ್ಚಾಗಿಲ್ಲ, ನೋಡುತ್ತಿದ್ದ ಹುಡುಗರಿಗೆ ಎಷ್ಟು ನಾಟಿರಬೇಕು ಅಲ್ವಾ? ಹುಡುಗನ ಪಾತ್ರ ಮಾಡಿದ ಮೈಕೆಲ್ ಲ್ಯಾಂಡನ್ ಮುಂದೆ ಟಿವಿಯ ದೊಡ್ಡ ಸ್ಟಾರ್ ಆದರು.

1956ರ 'ದಿ ಶೀ-ಕ್ರೀಚರ್' ಇನ್ನೂ ಸ್ವಾರಸ್ಯ, ನಮ್ಮವರಿಗಂತೂ ವಿಶೇಷವಾಗಿ. ಆ ವರ್ಷ ಅಮೆರಿಕದಲ್ಲಿ ಪುನರ್ಜನ್ಮದ ಹುಚ್ಚು ಹತ್ತಿತ್ತು. ಸಂಮೋಹನದಲ್ಲಿ ಗೃಹಿಣಿಯೊಬ್ಬಳು ಹಿಂದಿನ ಜನ್ಮದ ಕತೆ ಹೇಳಿದಳು ಎಂಬ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಗಿತ್ತು. ಕಂಪನಿಯವರು ತಡ ಮಾಡಲಿಲ್ಲ. ಜಾತ್ರೆಯಲ್ಲಿ ಸಂಮೋಹನ ತೋರಿಸುವ ಲೊಂಬಾರ್ಡಿ ಎಂಬಾತ ಹುಡುಗಿಯೊಬ್ಬಳನ್ನು ಜನ್ಮಜನ್ಮಾಂತರ ಹಿಂದಕ್ಕೆ ಕರೆದೊಯ್ದು, ಅವಳ ಆದಿಮ ರೂಪವನ್ನು ಸಮುದ್ರದಿಂದ ಎಬ್ಬಿಸುತ್ತಾನೆ. ಮಂತ್ರವಾದಿ ಮಾಡುತ್ತಿದ್ದ ಕೆಲಸವೇ ಇದು, ಕೋಟು ಮಾತ್ರ ಬೇರೆ. ಆ ಕಡಲ ರಾಕ್ಷಸಿಯ ಸೂಟನ್ನು ಮಾಡಿ, ತಾನೇ ಒಳಗೆ ಹೊಕ್ಕು ನಟಿಸಿದವರು ಪಾಲ್ ಬ್ಲೈಸ್ಡೆಲ್. ಸೂಟು ಎಷ್ಟು ಚೆನ್ನಾಗಿತ್ತೆಂದರೆ ಸ್ವಲ್ಪ ಬದಲಿಸಿ ಇನ್ನೂ ಎರಡು ಸಿನಿಮಾಕ್ಕೆ ದುಡಿಸಿಕೊಂಡರು.

ಮೂರನೆಯದು ರೋಜರ್ ಕಾರ್ಮನ್ ನಿರ್ದೇಶನದ 'ಇಟ್ ಕಾಂಕರ್ಡ್ ದಿ ವರ್ಲ್ಡ್'. ಇಲ್ಲೂ ರಾಕ್ಷಸ ಬ್ಲೈಸ್ಡೆಲ್ ಅವರದ್ದೇ. ಶುಕ್ರಗ್ರಹದಲ್ಲಿ ಗುರುತ್ವ ಜಾಸ್ತಿ, ಹಾಗಾಗಿ ಜೀವಿ ಕುಳ್ಳಗೆ ಅಗಲವಾಗಿ ಇರಬೇಕು ಅಂತ ಲೆಕ್ಕ ಹಾಕಿ ಮಾಡಿದ್ದು, ನಿಜಕ್ಕೆ ಅಲ್ಲಿನ ಗುರುತ್ವ ಭೂಮಿಗಿಂತ ತುಸು ಕಡಿಮೆಯೇ. ನಾಯಕಿ ಬೆವರ್ಲಿ ಗಾರ್ಲಂಡ್ ಅದನ್ನು ಸೆಟ್ಟಿನಲ್ಲಿ ನೋಡಿ, ಲೋಕ ಗೆಲ್ಲೋಕೆ ಬಂದಿದ್ದು ಇದೇನಾ ಅಂತ ಛೇಡಿಸಿ ಒಂದು ಒದೆ ಕೊಟ್ಟರಂತೆ. ಅದನ್ನು ಎತ್ತರ ಮಾಡಿಸಿ ಶೂಟಿಂಗ್ ಮುಂದುವರಿಸಿದರು. ಜೀವಿಗೆ ನೆರವಾಗುವ ವಿಜ್ಞಾನಿ ಲೀ ವ್ಯಾನ್ ಕ್ಲೀಫ್. ಹತ್ತು ವರ್ಷದ ನಂತರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯ ಕೆಟ್ಟವನು ಇವರೇ.

ಹೆಜ್ಜೆ 7: 'ಬ್ರೈಡ್ ಆಫ್ ದಿ ಮಾನ್ಸ್ಟರ್' (1955), ಒಬ್ಬರೇ ಕೂತು

ಇದನ್ನು ಗುಂಪಿನಲ್ಲಿ ಹಾಕಬೇಡಿ. ನಗುವವರ ಮಧ್ಯೆ ಮುಖ್ಯವಾದದ್ದು ತಪ್ಪಿಹೋಗುತ್ತದೆ.

ನಿರ್ದೇಶಕ ಎಡ್ ವುಡ್. ದುಡ್ಡು ಹಾಕಿದವರು ಮಾಂಸದ ವ್ಯಾಪಾರಿ ಒಬ್ಬರು. ಅದಕ್ಕೇ ಅವರ ಮಗನೇ ನಾಯಕ. ರಾಕ್ಷಸ ಅಂದರೆ ಒಂದು ರಬ್ಬರ್ ಆಕ್ಟೋಪಸ್. ಅದರ ಕಾಲು ಆಡಿಸುವ ಮೋಟಾರ್ ಇಲ್ಲ. ಹಾಗಾಗಿ ಅದರ ಬಾಯಿಗೆ ಬಿದ್ದವರು ತಾವೇ ಕಾಲುಗಳನ್ನು ಹಿಡಿದು ಮೈಗೆ ಸುತ್ತಿಕೊಂಡು ಒದ್ದಾಡುತ್ತಾರೆ. ಇದು ಎಲ್ಲರೂ ಹೇಳುವ ಜೋಕು.

ನೀವು ಲುಗೋಸಿಯನ್ನು ನೋಡಿ. ಎಪ್ಪತ್ತು ದಾಟಿದ ವಯಸ್ಸು, ನೋವಿನ ಔಷಧಿಯ ಚಟ, ಮೈ ಕೃಶವಾಗಿದೆ. ಪರಮಾಣು ಶಕ್ತಿಯಿಂದ ಅತಿಮಾನವರನ್ನು ಹುಟ್ಟಿಸುತ್ತೇನೆ ಅಂದಿದ್ದಕ್ಕೆ ದೇಶದಿಂದ ಹೊರದಬ್ಬಿಸಿಕೊಂಡ ಡಾಕ್ಟರ್ ವೊರ್ನಾಫ್ ಅವರ ಪಾತ್ರ. ಸ್ವದೇಶದವನೊಬ್ಬ ಬಂದು ಮನೆಗೆ ವಾಪಸ್ ಬಾ ಅಂತ ಕರೆಯುತ್ತಾನೆ. ಆಗ ಅವರು ತನಗೆ ಮನೆಯೇ ಇಲ್ಲ ಅಂತ ಶುರು ಮಾಡಿ ಆಡುವ ಮಾತುಗಳಿಗೆ ಸೆಟ್ಟೂ ಬೇಡ, ರಾಕ್ಷಸನೂ ಬೇಡ. ಹಂಗೇರಿ ಬಿಟ್ಟು ಬಂದ ನಟ, ಸ್ಟುಡಿಯೋಗಳು ಮರೆತ ನಟ, ಆ ಕೆಲವು ನಿಮಿಷ ಪೂರ್ತಿ ತನ್ನದೇ ಮಾತು ಆಡಿದ ಹಾಗಿದೆ. ಮರುವರ್ಷ ಆಗಸ್ಟ್ 16ರಂದು ತೀರಿಕೊಂಡರು. ಸುಮಾರು ನಾಲ್ಕು ದಶಕ ಆದಮೇಲೆ ಟಿಮ್ ಬರ್ಟನ್ ಈ ನಿರ್ದೇಶಕನ ಮೇಲೆಯೇ 'ಎಡ್ ವುಡ್' ಎಂಬ ಸಿನಿಮಾ ತೆಗೆದರು. ಅದರಲ್ಲಿ ಲುಗೋಸಿ ಆದ ಮಾರ್ಟಿನ್ ಲ್ಯಾಂಡೊಗೆ ಆಸ್ಕರ್ ಬಂತು. ಈ ಸಿನಿಮಾ ಆದಮೇಲೆ ಅದನ್ನೂ ನೋಡಿ, ಮೊದಲಲ್ಲ.

ಹೆಜ್ಜೆ 8: ಮಕ್ಕಳು ಪಕ್ಕದಲ್ಲಿದ್ದರೆ

ಇವು ಅವುಗಳ ಕಾಲದ ಸಿನಿಮಾಗಳು. ಕಪ್ಪು ಜನರನ್ನು, ಏಷ್ಯಾದವರನ್ನು ತೋರಿಸಿದ ರೀತಿ ಹಲವು ಕಡೆ ಕೆಟ್ಟದಾಗಿದೆ. ಹೆಂಗಸರಿಗೆ ಕಿರುಚುವುದೇ ಕೆಲಸ. ಮುಚ್ಚಿಡುವುದಕ್ಕಿಂತ ನಿಲ್ಲಿಸಿ ಮಾತಾಡೋದು ಒಳ್ಳೆಯದು.

1962ರಲ್ಲಿ ಬಿಡುಗಡೆಯಾದ 'ದಿ ಬ್ರೈನ್ ದಟ್ ವುಡಂಟ್ ಡೈ' ಮಾತ್ರ ದೊಡ್ಡವರಿಗೆ. ಅಪಘಾತದಲ್ಲಿ ಸತ್ತ ಪ್ರೇಯಸಿಯ ತಲೆಯನ್ನು ಸರ್ಜನ್ ಒಬ್ಬ ತಟ್ಟೆಯಲ್ಲಿಟ್ಟು ಬದುಕಿಸುತ್ತಾನೆ. ಆ ತಲೆಗೆ ಚೆಂದದ ಮೈ ಹುಡುಕಿಕೊಂಡು ಕ್ಲಬ್ಬು ಕ್ಲಬ್ಬು ಅಲೆಯುತ್ತಾನೆ. ಹೊಲಸು ಕತೆ ಅಂತ ಬದಿಗಿಡುವ ಮೊದಲು ತಲೆ ಏನು ಹೇಳುತ್ತೆ ಕೇಳಿ. ವರ್ಜೀನಿಯಾ ಲೀತ್‌ಗೆ ಮುಖ ಮತ್ತು ದನಿ ಬಿಟ್ಟರೆ ನಟಿಸೋಕೆ ಬೇರೇನೂ ಇಲ್ಲ. ನನ್ನನ್ನು ಸಾಯೋಕೆ ಬಿಡು ಅಂತ ಕೇಳಿ ಕೇಳಿ, ಕೇಳದಿದ್ದಾಗ ಬೀರುವಿನಂಥ ಕೋಣೆಯಲ್ಲಿ ಕೂಡಿಹಾಕಿದ ರಾಕ್ಷಸನ ಜೊತೆ ಪಿಸುಮಾತಿನಲ್ಲಿ ಸಂಚು ಹೂಡುತ್ತಾಳೆ. ಆ ರಾಕ್ಷಸನಾದ ಎಡ್ಡಿ ಕಾರ್ಮೆಲ್ ನಿಜವಾಗಿಯೂ ದೈತ್ಯಕಾಯದ ಮನುಷ್ಯ. 1970ರಲ್ಲಿ ಡಯಾನ್ ಆರ್ಬಸ್ ತೆಗೆದ ಒಂದು ಪ್ರಸಿದ್ಧ ಫೋಟೋದಲ್ಲಿ, ಪುಟ್ಟ ಅಪ್ಪ ಅಮ್ಮನ ಎದುರು ಸೂರಿಗೆ ತಲೆ ತಾಗುವಂತೆ ಬಗ್ಗಿ ನಿಂತಿರುವವರು ಇವರೇ. ಇನ್ನೊಂದು ಮೋಜು: ಸಿನಿಮಾ ಮುಗಿದಾಗ ಬರುವ ಕಾರ್ಡಿನಲ್ಲಿ 'ಬ್ರೈನ್' ಬದಲು 'ಹೆಡ್' ಅಂತ ಇದೆ. ಹೆಸರು ಬದಲಾಯಿಸಿದವರು ಕೊನೆಯ ಕಾರ್ಡ್ ಬದಲಾಯಿಸಲಿಲ್ಲ.

ಹೆಜ್ಜೆ 9: ಅಲ್ಲಿಂದ ಇಲ್ಲಿಗೆ

ಇಷ್ಟು ನೋಡಿದ ಮೇಲೆ ಮೆಕ್ಸಿಕೋದ ಹಾರರ್ ಸಿನಿಮಾಗಳಿಗೆ ಹೋಗಬಹುದು. 1957ರ 'ಎಲ್ ವಾಂಪಿರೊ' ಒಳ್ಳೆಯ ಬಾಗಿಲು. ಆದರೆ ಅದಕ್ಕಿಂತ ಮೊದಲು ಉಡುಪಿ ಹತ್ತಿರದ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರ ಕಡೆ ತಿರುಗಿ ಅಂತೀನಿ. ಡಿ. ಶಂಕರ್ ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್‌ನಲ್ಲಿ ಕನ್ನಡ ಸಿನಿಮಾಗಳಿಂದ ಶುರು ಮಾಡಿ, ಮುಂದೆ ತೆಲುಗಿನಲ್ಲಿ ಜಾನಪದ ಸಿನಿಮಾಗಳ ರಾಜ ಆದವರು. ಅಮೆರಿಕದ ಹುಚ್ಚು ಡಾಕ್ಟರ್ ಇವರಲ್ಲಿಲ್ಲ, ಆ ಜಾಗದಲ್ಲಿ ಅಪ್ಪಟ ಮಂತ್ರವಾದಿಯೇ ಇದ್ದಾನೆ. ಆದರೆ ಕಾಸು ಉಳಿಸುವ ಜಾಣತನ ಥೇಟ್ ಅದೇ. ನಟರು ಡೇಟ್ಸ್ ಕೊಡದೆ ಸತಾಯಿಸಿದರೆ ಮಂತ್ರವಾದಿಯ ಶಾಪ ಕೊಡಿಸಿ ಆ ಪಾತ್ರವನ್ನು ಗಿಳಿಯೋ ಮೇಕೆಯೋ ಮಾಡಿಬಿಡುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತದೆ.

1978ರ ತೆಲುಗು 'ಜಗನ್ಮೋಹಿನಿ'ಯಿಂದ ಶುರು ಮಾಡಿ. ದೆವ್ವ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ತುರುಕಿ ಅಡುಗೆ ಮಾಡುವ ದೃಶ್ಯ ಅದರಲ್ಲಿದೆ. ಹಕ್ಕಿನ ಅವಧಿ ಇನ್ನೂ ಮುಗಿಯದ ಸಿನಿಮಾ ಇದು, ಹಾಗಾಗಿ ಅಧಿಕೃತ ಚಾನೆಲ್ಲಿನಲ್ಲೇ ಹುಡುಕಿ. ಎರಡೂವರೆ ಗಂಟೆಯ ಆಸುಪಾಸಿನ ಸಿನಿಮಾ, ಹಾಡುಗಳೂ ಉಂಟು. ಪಿಆರ್‌ಸಿಯ ಒಂದು ಗಂಟೆಯ ಲೆಕ್ಕಕ್ಕೆ ಒಗ್ಗಿಕೊಂಡವರು ನಡುವೆ ಒಂದು ಇಂಟರ್ವೆಲ್ ಇಟ್ಟುಕೊಳ್ಳಿ.